ಗಾಯಗೊಂಡ ಮಾಜಿ ಸೈನಿಕರ ಸಣ್ಣ ಉದ್ಯಮಕ್ಕೆ ಅಮೆರಿಕ ಸರ್ಕಾರದ ಗುತ್ತಿಗೆ: ಮೊದಲ ಕಾಗದದಿಂದ ಮೊದಲ ಬಿಲ್ಲಿನವರೆಗೆ

ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದವರು ಪ್ರತಿ ಮಾತಿಗೂ ತಲೆಯನ್ನು ಬಲಕ್ಕೆ ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದರು. ವರ್ಜೀನಿಯಾದ ನಮ್ಮ ಕನ್ನಡ ಕೂಟಕ್ಕೆ ಅವರು ಹೊಸಬರು. ಅಮೆರಿಕದ ಭೂಸೇನೆಯ ಫಿರಂಗಿ ದಳದಲ್ಲಿ ಆರು ವರ್ಷ ಇದ್ದವರು. ಸೇನೆ ಬಿಟ್ಟು ಬಂದರೂ ಕಿವಿಯೊಳಗಿನ ಜೀರುಂಡೆಯ ಸದ್ದು ಅವರನ್ನು ಬಿಟ್ಟಿಲ್ಲ. ಮಾಜಿ ಸೈನಿಕರ ಇಲಾಖೆ, ಅಂದರೆ ಇಲ್ಲಿನವರ ಬಾಯಲ್ಲಿ ವಿಎ, ಆ ಸದ್ದಿಗೆ ನಿಗದಿಪಡಿಸಿದ್ದ ಅಂಗವೈಕಲ್ಯದ ಪ್ರಮಾಣ ಶೇ. 10. ಈಗ ಅವರದೊಂದು ಕಟ್ಟಡ ಶುಚಿಗೊಳಿಸುವ ಕಂಪನಿ ಇದೆ, ಹನ್ನೊಂದು ಜನ ಕೆಲಸಗಾರರಿದ್ದಾರೆ. ಸರ್ಕಾರಿ ಗುತ್ತಿಗೆಗೆ ಏಕೆ ಹಾಕಿಲ್ಲ ಎಂದು ಕೇಳಿದೆ. ‘ಅದು ಕೈಕಾಲು ಕಳೆದುಕೊಂಡವರಿಗೆ. ನನ್ನದು ಬರೀ ಹತ್ತು’ ಎಂದರು.

ಆ ಉತ್ತರ ನನಗೆ ಸಂಕಟವಾಯಿತು. ಏಕೆಂದರೆ ಹತ್ತು ಬೇಡ, ಸೊನ್ನೆ ಇದ್ದರೂ ಸಾಕು. ಗಾಯ ಸೇವೆಯಿಂದಲೇ ಬಂದದ್ದು ಎಂದು ವಿಎ ಒಪ್ಪಿ, ಪ್ರಮಾಣವನ್ನು ಶೇ. 0 ಎಂದು ಬರೆದಿದ್ದರೂ, ಗಾಯಗೊಂಡ ಮಾಜಿ ಸೈನಿಕರ ಕಂಪನಿಗಳಿಗೆ ಗುತ್ತಿಗೆ ಮೀಸಲಿಡುವ ಒಕ್ಕೂಟ ಸರ್ಕಾರದ ಯೋಜನೆಗೆ ಅವರು ಅರ್ಹರು. ಯುದ್ಧದಲ್ಲೇ ಗಾಯವಾಗಿರಬೇಕೆಂದೂ ಇಲ್ಲ. ತರಬೇತಿಯ ಓಟದಲ್ಲಿ ಮುರಿದ ಮಂಡಿಯೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ಉದ್ಯಮಗಳ ಲೆಕ್ಕಪತ್ರ ಮತ್ತು ಟೆಂಡರ್ ಕಾಗದಗಳು ನನ್ನ ದಿನನಿತ್ಯದ ಕೆಲಸ. ಅವರ ಕಂಪನಿಯ ಜೊತೆ ನಡೆದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮವರಲ್ಲಿ ಅಮೆರಿಕದ ಸೇನೆ ಸೇರಿದವರು, ಸೇನೆಯಲ್ಲಿದ್ದವರನ್ನು ಮದುವೆಯಾದವರು, ಅಂಥವರ ಕಂಪನಿಯಲ್ಲಿ ಕೆಲಸ ಮಾಡುವವರು ಇದ್ದಾರೆ. ಅವರಿಗೆ ಇದು ಉಪಯೋಗವಾಗಲಿ.

ಈ ಹಕ್ಕು ಎಲ್ಲಿಂದ ಬಂತು

1999ರ ಕಾನೂನೊಂದು ಒಕ್ಕೂಟ ಸರ್ಕಾರದ ಒಟ್ಟು ಗುತ್ತಿಗೆ ಹಣದಲ್ಲಿ ಶೇ. 3ರಷ್ಟು ಸೇವೆಯಲ್ಲಿ ಗಾಯಗೊಂಡ ಮಾಜಿ ಸೈನಿಕರ ಸಣ್ಣ ಉದ್ಯಮಗಳಿಗೆ ಹೋಗಬೇಕು ಎಂಬ ಗುರಿ ಇಟ್ಟಿತು. ಗುರಿ ಇಟ್ಟರೂ ಅದನ್ನು ಮುಟ್ಟುವ ದಾರಿ ಆ ಕಾನೂನಿನಲ್ಲಿ ಇರಲಿಲ್ಲ. ಟೆಂಡರನ್ನೇ ಇವರಿಗೆ ಮೀಸಲಿಡುವ ಅಧಿಕಾರ ಬಂದದ್ದು 2003ರ ಕಾನೂನಿನಿಂದ. 2024ನೇ ಹಣಕಾಸು ವರ್ಷದ ರಕ್ಷಣಾ ಕಾನೂನು ಗುರಿಯನ್ನು ಶೇ. 5ಕ್ಕೆ ಏರಿಸಿತು. ಅದೇ ಕಾನೂನು ‘ನಾನು ಅರ್ಹ’ ಎಂದು ತಾನೇ ಘೋಷಿಸಿಕೊಳ್ಳುವ ಹಳೆಯ ಪದ್ಧತಿಯನ್ನು ತೆಗೆದುಹಾಕಿತು. 2024ರ ಡಿಸೆಂಬರ್ ಕಳೆದ ಮೇಲೆ ಪ್ರಮಾಣಪತ್ರ ಇಲ್ಲದವರಿಗೆ ಈ ಮೀಸಲು ಇಲ್ಲ.

ವಿಎ ಇಲಾಖೆಯ ಕಥೆ ಬೇರೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2006ರ ಕಾನೂನಿನ ಪ್ರಕಾರ, ಯೋಗ್ಯ ಬೆಲೆಗೆ ಕೆಲಸ ಮಾಡಬಲ್ಲ ಮಾಜಿ ಸೈನಿಕರ ಕನಿಷ್ಠ ಎರಡು ಕಂಪನಿಗಳು ಬಿಡ್ ಹಾಕುತ್ತವೆ ಎಂಬ ನಿರೀಕ್ಷೆಗೆ ಆಧಾರವಿದ್ದರೆ ಆ ಗುತ್ತಿಗೆಯನ್ನು ವಿಎ ಅವರಿಗೇ ಮೀಸಲಿಡಬೇಕು. ಇದನ್ನು ‘ಇಬ್ಬರ ನಿಯಮ’ ಎನ್ನುತ್ತಾರೆ. ವಾರ್ಷಿಕ ಗುರಿ ತಲುಪಿದ ಮೇಲೆ ಈ ನಿಯಮ ಕಡ್ಡಾಯವಲ್ಲ, ಸಿದ್ಧ ದರಪಟ್ಟಿಯಿಂದ ಕೊಳ್ಳುವಾಗ ಅನ್ವಯಿಸುವುದಿಲ್ಲ ಎಂಬುದು ಇಲಾಖೆಯ ವಾದವಾಗಿತ್ತು. ಮೇರಿಲ್ಯಾಂಡ್‌ನ ಕಿಂಗ್‌ಡಮ್‌ವೇರ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2016ರ ಜೂನ್‌ನಲ್ಲಿ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಕಂಪನಿಯ ಪರ ತೀರ್ಪು ಕೊಟ್ಟರು. ತಿರುಳು ಒಂದೇ ಪದದಲ್ಲಿತ್ತು. ನಮ್ಮ ಕಾನೂನು ಕನ್ನಡದಲ್ಲಿ ‘ಮಾಡಬಹುದು’ ಬೇರೆ, ‘ಮಾಡತಕ್ಕದ್ದು’ ಬೇರೆ. ಆ ಕಾನೂನಿನಲ್ಲಿ ಇದ್ದದ್ದು ‘ತಕ್ಕದ್ದು’. ಅಂದಿನಿಂದ ಗಾಯಗೊಂಡ ಮಾಜಿ ಸೈನಿಕರ ಕಂಪನಿಗೆ ವಿಎಯಲ್ಲಿ ಮೊದಲ ಸಾಲು. ಬೇರೆ ಇಲಾಖೆಗಳಲ್ಲಿ ಇವರು ಮಹಿಳೆಯರ ಉದ್ಯಮ, ಹಿಂದುಳಿದ ವಲಯದ ಉದ್ಯಮ ಮುಂತಾದ ವರ್ಗಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಯಾರಿಗೆ ಮೀಸಲಿಡುವುದು ಎಂಬುದು ಅಲ್ಲಿ ಗುತ್ತಿಗೆ ಅಧಿಕಾರಿಯ ವಿವೇಚನೆ. ಹೊಸಬರು ವಿಎಯಿಂದಲೇ ಆರಂಭಿಸಲಿ ಎಂದು ನಾನು ಹೇಳುವುದು ಇದಕ್ಕೇ.

ಹಂತ 1: ಅರ್ಹತೆಯನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ

ಕಂಪನಿಯ ಕನಿಷ್ಠ ಶೇ. 51 ಪಾಲು ಗಾಯಗೊಂಡ ಮಾಜಿ ಸೈನಿಕರ ಹೆಸರಿನಲ್ಲಿ ನೇರವಾಗಿ, ಯಾವ ಷರತ್ತೂ ಇಲ್ಲದೆ ಇರಬೇಕು. ಕಂಪನಿಯ ಅತ್ಯುನ್ನತ ಹುದ್ದೆ ಅವರದ್ದೇ ಆಗಿರಬೇಕು. ದಿನನಿತ್ಯದ ನಿರ್ಧಾರವೂ ದೀರ್ಘಾವಧಿಯ ನಿರ್ಧಾರವೂ ಅವರ ಕೈಯಲ್ಲಿರಬೇಕು. ಅಂಗವೈಕಲ್ಯ ಶಾಶ್ವತವೂ ತೀವ್ರವೂ ಆಗಿದ್ದರೆ ಸಂಗಾತಿ ಅಥವಾ ಕಾಯಂ ಆರೈಕೆದಾರರು ಅವರ ಪರವಾಗಿ ಕಂಪನಿ ನಡೆಸಬಹುದು.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಒಂದು, ಹಗಲಿನ ನೌಕರಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಡೆ ಕೆಲಸದಲ್ಲಿದ್ದು, ಕಂಪನಿಯನ್ನು ರಾತ್ರಿ ಮತ್ತು ವಾರಾಂತ್ಯದಲ್ಲಿ ನೋಡಿಕೊಳ್ಳುತ್ತಿದ್ದರೆ ‘ನಿಯಂತ್ರಣ ನಿಮ್ಮದಲ್ಲ’ ಎಂಬ ಅನುಮಾನದಿಂದಲೇ ಪರಿಶೀಲನೆ ಶುರುವಾಗುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ನಿಮ್ಮದು. ಎರಡು, ಮನೆಯವರ ಕಂಪನಿಗಳು. ಹೆಂಡತಿಯ ಅಥವಾ ಅಣ್ಣನ ಕಂಪನಿ ಅದೇ ವ್ಯವಹಾರದಲ್ಲಿದ್ದು ಎರಡರ ನಡುವೆ ಹಣ, ಜನ, ಕಚೇರಿ ಓಡಾಡುತ್ತಿದ್ದರೆ ಎರಡರ ಗಾತ್ರವನ್ನೂ ಕೂಡಿಸಿ ಅಳೆಯುವ ಸಂಭವವಿದೆ.

ಗಾತ್ರ ಅಳೆಯುವುದು ವ್ಯವಹಾರದ ಆರು ಅಂಕಿಯ ಸಂಕೇತದ ಮೇಲೆ. ಅದಕ್ಕೆ ನೈಕ್ಸ್ ಕೋಡ್ ಎಂದು ಹೆಸರು. ಕಟ್ಟಡ ಶುಚಿ ಕೆಲಸದ ಕೋಡ್ 561720, ಅದರ ಮಿತಿ ವರ್ಷಕ್ಕೆ 2.2 ಕೋಟಿ ಡಾಲರ್ ವಹಿವಾಟು. ಕಂಪ್ಯೂಟರ್ ವ್ಯವಸ್ಥೆ ವಿನ್ಯಾಸದ್ದು 541512, ಮಿತಿ 3.4 ಕೋಟಿ. ವಹಿವಾಟನ್ನು ಐದು ವರ್ಷಗಳ ಸರಾಸರಿಯಲ್ಲಿ ನೋಡುತ್ತಾರೆ. ತಯಾರಿಕೆಯಲ್ಲಿ ಹಣದ ಬದಲು ನೌಕರರ ಸಂಖ್ಯೆ ಲೆಕ್ಕಕ್ಕೆ ಬರುತ್ತದೆ. ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. 2025ರಿಂದ ಒಕ್ಕೂಟದ ಖರೀದಿ ನಿಯಮಾವಳಿಯನ್ನೇ ಹೊಸದಾಗಿ ಬರೆಯುವ ಕೆಲಸವೂ ನಡೆದಿದೆ. ಆದ್ದರಿಂದ ಬಿಡ್ ಹಾಕುವ ದಿನ ಸಣ್ಣ ಉದ್ಯಮಗಳ ಆಡಳಿತ ಸಂಸ್ಥೆಯ, ಅಂದರೆ ಎಸ್‌ಬಿಎಯ ಪಟ್ಟಿಯನ್ನು ಇನ್ನೊಮ್ಮೆ ತೆರೆದು ನೋಡಿ.

ಹಂತ 2: ಹೆಸರನ್ನು ಒಂದುಗೂಡಿಸಿ, ಆಮೇಲೆ ಸ್ಯಾಮ್

ಇಂಗ್ಲಿಷ್‌ನಲ್ಲಿ ಬರುವ ಮಾರ್ಗದರ್ಶಿಗಳು ಈ ಹಂತಕ್ಕೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಕನ್ನಡಿಗರಿಗೆ ಒಂದು ಸಾಲು ಸಾಲದು. ನಮ್ಮ ಹೆಸರಿನ ಮುಂದೆ ಊರಿನ ಇನಿಶಿಯಲ್, ತಂದೆಯ ಇನಿಶಿಯಲ್ ಇರುತ್ತವೆ. ವಲಸೆಯ ಕಾಗದದಲ್ಲಿ ಅವು ಬಿಚ್ಚಿಕೊಂಡು ಊರೇ ಅಡ್ಡಹೆಸರಾಗುತ್ತದೆ. ಯುಗಾದಿ ಊಟದಲ್ಲಿ ಸಿಕ್ಕ ಆ ಗೆಳೆಯರ ಸೇನೆಯ ಬಿಡುಗಡೆ ಪತ್ರವಾದ ಡಿಡಿ 214ರಲ್ಲಿ ತಂದೆಯ ಹೆಸರು ಕೊನೆಗಿತ್ತು. ಚಾಲನಾ ಪರವಾನಗಿಯಲ್ಲಿ ಊರಿನ ಹೆಸರು ಕೊನೆಗಿತ್ತು. ಕಂಪನಿ ನೋಂದಣಿಯಲ್ಲಿ ಇನಿಶಿಯಲ್ ಮಾತ್ರ. ಒಬ್ಬನೇ ಮನುಷ್ಯ ಕಾಗದದ ಮೇಲೆ ಮೂವರಾಗಿದ್ದರು. ಅರ್ಜಿದಾರರು ಗಾಯಗೊಂಡ ಮಾಜಿ ಸೈನಿಕರೇ ಎಂಬುದನ್ನು ಎಸ್‌ಬಿಎ ವಿಎ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ಹೆಸರು ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ವಿಎ ದಾಖಲೆಯಲ್ಲಿರುವ ಹೆಸರು ಯಾವುದೆಂದು ತಿಳಿದುಕೊಂಡು, ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ. ನಮಗೆ ಇದಕ್ಕೇ ಏಳು ವಾರ ಹಿಡಿಯಿತು.

ಕಂಪನಿಯ ಹೆಸರಿಗೂ ಇದೇ ಮಾತು. ತೆರಿಗೆ ಇಲಾಖೆಯ ಕಡತದಲ್ಲಿ ಕಂಪನಿಯ ಹೆಸರು ಹೇಗಿದೆಯೋ, ಗುತ್ತಿಗೆದಾರರು ನೋಂದಾಯಿಸಿಕೊಳ್ಳುವ ಸ್ಯಾಮ್ ಎಂಬ ಸರ್ಕಾರಿ ಜಾಲತಾಣದಲ್ಲಿ ತೆರಿಗೆ ಸಂಖ್ಯೆಯ ಪಕ್ಕ ಹಾಗೆಯೇ ಬರೆಯಬೇಕು. ಒಂದು ಅಲ್ಪವಿರಾಮ ವ್ಯತ್ಯಾಸವಾದರೂ ನೋಂದಣಿ ನಿಂತುಹೋಗಬಹುದು. ಅನುಮಾನವಿದ್ದರೆ ತೆರಿಗೆ ಇಲಾಖೆಗೆ ಫೋನ್ ಮಾಡಿ 147ಸಿ ಎಂಬ ಪತ್ರ ತರಿಸಿಕೊಳ್ಳಿ. ಅವರ ಕಡತದಲ್ಲಿರುವ ಹೆಸರು ಅದರಲ್ಲಿ ಅಚ್ಚಾಗಿ ಬರುತ್ತದೆ.

ಸ್ಯಾಮ್ ಡಾಟ್ ಗವ್ ಎನ್ನುವುದು ಒಕ್ಕೂಟ ಸರ್ಕಾರದ ಗುತ್ತಿಗೆದಾರರ ದಾಖಲೆ ಪುಸ್ತಕ. ಟೆಂಡರ್ ಪ್ರಕಟವಾಗುವುದೂ ಅಲ್ಲೇ. ನೋಂದಾಯಿಸಿದಾಗ ಕಂಪನಿಯನ್ನು ಗುರುತಿಸುವ 12 ಅಕ್ಷರಾಂಕಗಳ ಯುಇಐ ಸಂಖ್ಯೆಯೂ 5 ಅಕ್ಷರಾಂಕಗಳ ಕೇಜ್ ಕೋಡೂ ಸಿಗುತ್ತವೆ. ಹಳೆಯ ಡನ್ಸ್ ಸಂಖ್ಯೆ 2022ರ ಏಪ್ರಿಲ್‌ಗೆ ಮುಗಿದುಹೋಯಿತು, ಅದನ್ನು ಕೇಳುವವರನ್ನು ನಂಬಬೇಡಿ. ಅಂಚೆ ಪೆಟ್ಟಿಗೆಯ ವಿಳಾಸ ನಡೆಯುವುದಿಲ್ಲ. ನೋಂದಣಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಸ್ಯಾಮ್ ನೋಂದಣಿ ಉಚಿತ, ಮುಂದೆ ಹೇಳುವ ಪ್ರಮಾಣಪತ್ರವೂ ಉಚಿತ. ನೋಂದಣಿಯಾದ ಕೂಡಲೇ ನಿಮ್ಮ ವಿವರ ಸಾರ್ವಜನಿಕವಾಗುತ್ತದೆ. ಮರುದಿನದಿಂದಲೇ ಸರ್ಕಾರಿ ಪತ್ರದಂತೆ ಕಾಣುವ ಮಿಂಚಂಚೆಗಳು ಬರತೊಡಗುತ್ತವೆ. ‘ನಿಮ್ಮ ನೋಂದಣಿ ಅಪೂರ್ಣ, ಇಷ್ಟು ಡಾಲರ್ ಕಟ್ಟಿ’ ಎಂಬ ಒಕ್ಕಣೆ. ಗೆಳೆಯರು 600 ಡಾಲರ್ ಕಟ್ಟುವುದರಲ್ಲಿದ್ದರು. ಇಂಥ ಪತ್ರ ಬಂದರೆ ವಿಳಾಸದ ಕೊನೆ ನೋಡಿ, ಡಾಟ್ ಗವ್ ಇಲ್ಲದಿದ್ದರೆ ಅಳಿಸಿಬಿಡಿ. ಸಹಾಯ ಬೇಕಾದರೆ ಅಪೆಕ್ಸ್ ಆಕ್ಸಿಲರೇಟರ್ ಎಂಬ ಕೇಂದ್ರಗಳು ದೇಶದಾದ್ಯಂತ ಇವೆ, ಮೊದಲು ಪಿಟ್ಯಾಕ್ ಎನ್ನುತ್ತಿದ್ದರು. ರಕ್ಷಣಾ ಇಲಾಖೆಯ ನೆರವಿನಿಂದ ನಡೆಯುವ ಇವು ಸರ್ಕಾರಿ ಗುತ್ತಿಗೆಗೆ ಹೋಗುವವರ ಪಕ್ಕ ಕುಳಿತು ಕಲಿಸುತ್ತವೆ. ಉದ್ಯಮ ಆರಂಭದ ಸಲಹೆಗೆ ಮಾಜಿ ಸೈನಿಕರಿಗಾಗಿಯೇ ಎಸ್‌ಬಿಎ ನೆರವಿನ ವಿಬಿಒಸಿ ಕೇಂದ್ರಗಳಿವೆ.

ಹಂತ 3: ವೆಟ್‌ಸರ್ಟ್ ಪ್ರಮಾಣಪತ್ರ

2023ರ ಜನವರಿ 1ರಿಂದ ಪ್ರಮಾಣಪತ್ರ ಕೊಡುವ ಕೆಲಸ ವಿಎಯಿಂದ ಎಸ್‌ಬಿಎಗೆ ಬಂದಿದೆ. ಯೋಜನೆಯ ಹೆಸರು ವೆಟ್‌ಸರ್ಟ್. ಅರ್ಜಿ ಆನ್‌ಲೈನ್‌ನಲ್ಲೇ. ಅರ್ಜಿಯ ಪ್ರಶ್ನೆಗಳು ಸುಲಭ, ಕಷ್ಟವಿರುವುದು ಲಗತ್ತಿಸುವ ಕಂಪನಿ ಕಾಗದಗಳಲ್ಲಿ. ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ ಆದರೆ ಸದಸ್ಯರ ಒಪ್ಪಂದ, ಕಾರ್ಪೊರೇಷನ್ ಆದರೆ ಉಪವಿಧಿಗಳು ಮತ್ತು ಷೇರು ದಾಖಲೆ.

ಗೆಳೆಯರ ಒಪ್ಪಂದವನ್ನು ಅಂತರ್ಜಾಲದಲ್ಲಿ ಸಿಕ್ಕ ಮಾದರಿಯಿಂದ ತೆಗೆದದ್ದಾಗಿತ್ತು. ಪಾಲು ಅವರದು 60, ಜೊತೆಗಾರರದು 40. ಆದರೆ ಏಳನೇ ಕಲಮು ‘ಹತ್ತು ಸಾವಿರ ಡಾಲರ್ ಮೀರಿದ ಯಾವುದೇ ಖರ್ಚಿಗೆ ಎಲ್ಲ ಸದಸ್ಯರ ಒಪ್ಪಿಗೆ ಬೇಕು’ ಎನ್ನುತ್ತಿತ್ತು. ಅವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಜೊತೆಗಾರರನ್ನು ಕೇಳಿಯೇ ಖರ್ಚು ಮಾಡುವುದು ಅವರ ಸ್ವಭಾವ. ನಿಯಮದ ಕಣ್ಣಿಗೆ ಅದು ಬೇರೆಯಾಗಿ ಕಾಣುತ್ತದೆ. ಶೇ. 40ರ ಜೊತೆಗಾರರು ‘ಇಲ್ಲ’ ಎಂದರೆ ಒಂದು ನೆಲ ತಿಕ್ಕುವ ಯಂತ್ರವನ್ನೂ ಕೊಳ್ಳಲಾಗದು. ಹಾಗಾದರೆ ನಿಯಂತ್ರಣ ಯಾರದು? ಹೊಸ ಪಾಲುದಾರರನ್ನು ಸೇರಿಸುವುದು, ಕಂಪನಿಯನ್ನು ಮಾರುವುದು, ವಿಲೀನ, ವಿಸರ್ಜನೆ, ದಿವಾಳಿ ಘೋಷಣೆ ಮುಂತಾದ ಕೆಲವೇ ಅಸಾಧಾರಣ ಸಂದರ್ಭಗಳಲ್ಲಿ ಉಳಿದ ಪಾಲುದಾರರಿಗೆ ತಡೆಯುವ ಹಕ್ಕು ಇರಬಹುದು. ಉಳಿದ ಎಲ್ಲ ವಿಷಯದಲ್ಲೂ ಕೊನೆಯ ಮಾತು ಮಾಜಿ ಸೈನಿಕರದ್ದೇ ಆಗಿರಬೇಕು. ಆ ಕಲಮನ್ನು ವಕೀಲರಿಂದ ತಿದ್ದಿಸಿ, ಇಬ್ಬರೂ ಸಹಿ ಹಾಕಿದ ಮೇಲಷ್ಟೇ ಅರ್ಜಿ ಕಳುಹಿಸಿದೆವು. ನೀವೂ ನಿಮ್ಮ ಒಪ್ಪಂದದಲ್ಲಿ ‘ಸರ್ವಾನುಮತ’, ‘ಎಲ್ಲರ ಒಪ್ಪಿಗೆ’, ‘ಮೂರನೇ ಎರಡು’ ಎಂಬ ಮಾತುಗಳನ್ನು ಹುಡುಕಿ, ಸಿಕ್ಕಿದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ.

ಪ್ರಮಾಣಪತ್ರ ಮೂರು ವರ್ಷಕ್ಕೆ ಸಿಗುತ್ತದೆ. ನಡುವೆ ಪಾಲು ಅಥವಾ ನಿಯಂತ್ರಣ ಬದಲಾದರೆ 30 ದಿನದೊಳಗೆ ತಿಳಿಸಬೇಕು. ಅರ್ಜಿ ತಿರಸ್ಕಾರವಾದರೆ 10 ಕೆಲಸದ ದಿನಗಳಲ್ಲಿ ಎಸ್‌ಬಿಎಯ ಮೇಲ್ಮನವಿ ಕಚೇರಿಗೆ ಹೋಗಬಹುದು. ತಪ್ಪು ನಮ್ಮ ಕಾಗದದಲ್ಲೇ ಇದ್ದರೆ ಅದನ್ನು ಸರಿಪಡಿಸಿ ಹೊಸ ಅರ್ಜಿ ಹಾಕುವುದೇ ಮೇಲು.

ಹಂತ 4: ಕೊಳ್ಳುವವರು ಯಾರು

ಪ್ರಮಾಣಪತ್ರ ಬಂದ ದಿನ ಮನೆಯಲ್ಲಿ ಸಿಹಿ ಮಾಡುತ್ತಾರೆ. ಆಮೇಲೆ ಆರು ತಿಂಗಳಾದರೂ ಯಾವ ಕರೆಯೂ ಬರುವುದಿಲ್ಲ. ಈ ಪತ್ರ ನಿಮ್ಮನ್ನು ಸಾಲಿಗೆ ಸೇರಿಸುತ್ತದೆ, ಕೆಲಸವನ್ನು ನೀವೇ ಹುಡುಕಬೇಕು.

ಹುಡುಕುವ ಕ್ರಮ ಹೀಗಿರಲಿ. ಯುಎಸ್‌ಎ ಸ್ಪೆಂಡಿಂಗ್ ಡಾಟ್ ಗವ್ ತೆರೆಯಿರಿ. ನಿಮ್ಮ ನೈಕ್ಸ್ ಕೋಡ್ ಹಾಕಿ, ಮನೆಯಿಂದ ಒಂದೂವರೆ ಗಂಟೆ ಪ್ರಯಾಣದೊಳಗಿನ ಕೌಂಟಿಗಳನ್ನು ಆರಿಸಿ, ಕಳೆದ ಐದು ವರ್ಷಗಳ ಗುತ್ತಿಗೆಗಳನ್ನು ಇಳಿಸಿಕೊಳ್ಳಿ. ಯಾವ ಕಚೇರಿ ಕೊಂಡಿತು, ಯಾರಿಗೆ ಕೊಟ್ಟಿತು, ಎಷ್ಟಕ್ಕೆ, ಅವಧಿ ಎಂದು ಮುಗಿಯುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ. ಸೇವಾ ಗುತ್ತಿಗೆ ಸಾಮಾನ್ಯವಾಗಿ ಒಂದು ವರ್ಷ, ಜೊತೆಗೆ ನಾಲ್ಕು ವರ್ಷ ಮುಂದುವರಿಸುವ ಆಯ್ಕೆ ಎಂಬ ರೂಪದಲ್ಲಿರುತ್ತದೆ. ಮುಂದಿನ ವರ್ಷ ಮುಗಿಯುವವನ್ನು ಬೇರೆ ಪಟ್ಟಿ ಮಾಡಿ. ನಿಮ್ಮ ಗಮನವೆಲ್ಲ ಆ ಪಟ್ಟಿಯ ಮೇಲಿರಲಿ. ಇಲಾಖೆಗಳು ಪ್ರಕಟಿಸುವ ಮುಂದಿನ ಖರೀದಿಯ ಮುನ್ಸೂಚನೆಗಳನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಶುಚಿ ಕೆಲಸದವರಿಗೆ ಒಂದು ಮಾತು. ಎಷ್ಟೋ ಸರ್ಕಾರಿ ಕಟ್ಟಡಗಳ ಕಸಗುಡಿಸುವ ಕೆಲಸ ಎಬಿಲಿಟಿಒನ್ ಎಂಬ ಪಟ್ಟಿಯಲ್ಲಿದೆ. ಅಂಧರು ಮತ್ತು ತೀವ್ರ ಅಂಗವೈಕಲ್ಯವುಳ್ಳವರಿಗೆ ಉದ್ಯೋಗ ಕೊಡುವ ಸಂಸ್ಥೆಗಳಿಗೆ ಆ ಕೆಲಸ ಹೋಗುತ್ತದೆ. ಅಂಥ ಕಟ್ಟಡವನ್ನು ಪಟ್ಟಿಯಿಂದ ಬಿಟ್ಟು ಮುಂದೆ ಹೋಗಿ.

ಕೊನೆಗೆ ಉಳಿಯುವುದು ಮೂರೋ ನಾಲ್ಕೋ ಕಚೇರಿ. ಅಷ್ಟೇ ಸಾಕು. ಪ್ರತಿ ಇಲಾಖೆಯಲ್ಲೂ ಸಣ್ಣ ಉದ್ಯಮಗಳ ಸಂಪರ್ಕಕ್ಕೆಂದೇ ಅಧಿಕಾರಿಗಳಿದ್ದಾರೆ. ಅವರಿಗೆ ಒಂದು ಪುಟದ ಸಾಮರ್ಥ್ಯ ಪತ್ರ ಕಳುಹಿಸಿ, ಹದಿನೈದು ನಿಮಿಷ ಸಮಯ ಕೇಳಿ. ಆ ಪುಟದಲ್ಲಿ ಯುಇಐ, ಕೇಜ್, ನೈಕ್ಸ್ ಕೋಡುಗಳು, ಪ್ರಮಾಣಪತ್ರದ ವಿವರ, ಮಾಡಿ ಮುಗಿಸಿದ ಮೂರು ಕೆಲಸಗಳು, ಅವುಗಳ ಅಳತೆ ಇರಲಿ. ‘ಉತ್ಕೃಷ್ಟ ಸೇವೆ’ ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಎರಡು ವೈದ್ಯಕೀಯ ಕಟ್ಟಡ, 38,000 ಚದರ ಅಡಿ, ರಾತ್ರಿ ಪಾಳಿ, ಮೂರು ವರ್ಷ’ ಎಂದು ಬರೆಯಿರಿ. ಎಸ್‌ಬಿಎಯ ಸಣ್ಣ ಉದ್ಯಮ ಹುಡುಕಾಟ ಪುಟದಲ್ಲೂ ಇದೇ ವಿವರ ತುಂಬಿ, ಗುತ್ತಿಗೆ ಅಧಿಕಾರಿಗಳು ಹುಡುಕುವುದು ಅಲ್ಲಿ.

ಹಂತ 5: ಟೆಂಡರ್ ಹುಟ್ಟುವ ಮೊದಲೇ ಕೈ ಎತ್ತಿ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಟೆಂಡರ್ ಹೊರಡಿಸುವ ಮುನ್ನ ಗುತ್ತಿಗೆ ಅಧಿಕಾರಿ ‘ಈ ಕೆಲಸ ಮಾಡಬಲ್ಲವರು ಯಾರಿದ್ದೀರಿ’ ಎಂದು ಸ್ಯಾಮ್‌ನಲ್ಲಿ ಕೂಗಿ ಕೇಳುವ ಸೂಚನೆಯೊಂದಿದೆ. ಅದಕ್ಕೆ ಸೋರ್ಸಸ್ ಸಾಟ್ ಎಂದು ಹೆಸರು. ಬಹಳ ಜನ ಇದನ್ನು ನೋಡಿಯೂ ನೋಡದಂತೆ ಬಿಡುತ್ತಾರೆ, ಏಕೆಂದರೆ ಅಲ್ಲಿ ಹಣವಿಲ್ಲ, ಬೆಲೆ ಕೇಳುವುದಿಲ್ಲ, ಉತ್ತರಿಸಿದರೆ ಕೆಲಸ ಸಿಗುವುದೂ ಇಲ್ಲ. ಆದರೆ ‘ಇಬ್ಬರ ನಿಯಮ’ದ ಎಣಿಕೆ ನಡೆಯುವುದು ಆ ಉತ್ತರಗಳ ಮೇಲೆ. ಗಾಯಗೊಂಡ ಮಾಜಿ ಸೈನಿಕರ ಎರಡು ಸಮರ್ಥ ಕಂಪನಿಗಳು ಉತ್ತರಿಸಿದರೆ ಆ ಟೆಂಡರನ್ನು ಮೀಸಲಿಡಲು ಅಧಿಕಾರಿಯ ಕೈಯಲ್ಲಿ ಆಧಾರ ಇರುತ್ತದೆ. ಯಾರೂ ಉತ್ತರಿಸದಿದ್ದರೆ ‘ಯಾರೂ ಇಲ್ಲ’ ಎಂದು ಕಡತದಲ್ಲಿ ಬರೆಯುವುದು ಅವರಿಗೆ ಸುಲಭ. ಆಮೇಲೆ ಟೆಂಡರ್ ಎಲ್ಲರಿಗೂ ತೆರೆದುಕೊಂಡಾಗ ದೊಡ್ಡ ಕಂಪನಿಗಳ ಜೊತೆ ಸೆಣಸಬೇಕು.

ಉತ್ತರ ಬರೆಯುವುದು ಹೀಗೆ. ಸೂಚನೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ, ಅದೇ ಸಂಖ್ಯೆಯೊಂದಿಗೆ ಎತ್ತಿಕೊಳ್ಳಿ. ಮೊದಲ ಸಾಲಿನಲ್ಲೇ ‘ವೆಟ್‌ಸರ್ಟ್ ಪ್ರಮಾಣಿತ, ಸೇವೆಯಲ್ಲಿ ಗಾಯಗೊಂಡ ಮಾಜಿ ಸೈನಿಕರ ಕಂಪನಿ’ ಎಂದು ಹೇಳಿ. ಕೆಲಸದ ವಿವರದಲ್ಲಿ ಬರುವ ಪ್ರತಿ ಭಾಗಕ್ಕೂ ನೀವು ಮಾಡಿದ ಹಿಂದಿನ ಕೆಲಸವೊಂದನ್ನು ಜೋಡಿಸಿ. ಕೆಲಸದ ಎಷ್ಟು ಪಾಲನ್ನು ನಿಮ್ಮ ಜನರೇ ಮಾಡುತ್ತಾರೆ ಎಂದು ಸ್ಪಷ್ಟವಾಗಿ ಬರೆಯಿರಿ. ಗೆಳೆಯರ ಮೊದಲ ಉತ್ತರ ಎರಡೂವರೆ ಪುಟ. ಆಸ್ಪತ್ರೆಯ ಕೋಣೆ ಶುಚಿಗೊಳಿಸುವಾಗ ಒಂದು ಜಾಗದ ಬಟ್ಟೆ ಇನ್ನೊಂದಕ್ಕೆ ಹೋಗದಂತೆ ಬಣ್ಣಬಣ್ಣದ ಬಟ್ಟೆಗಳನ್ನು ಬಳಸುವ ತಮ್ಮ ಪದ್ಧತಿಯನ್ನು ಅವರು ಅರ್ಧ ಪುಟ ವಿವರಿಸಿದ್ದರು. ಶೌಚಾಲಯಕ್ಕೆ ಕೆಂಪು, ರೋಗಿಯ ಮಂಚಕ್ಕೆ ಹಸಿರು, ಕಿಟಕಿ ಕನ್ನಡಿಗೆ ನೀಲಿ. ನಾನು ಅದನ್ನು ತೆಗೆದುಹಾಕಿ ಎಂದಿದ್ದೆ, ಅವರು ಬಿಡಲಿಲ್ಲ. ಕೆಲವು ದಿನಗಳ ನಂತರ ಆ ಕಚೇರಿಯಿಂದ ಬಂದ ಒಂದೇ ಪ್ರಶ್ನೆ ಆ ಬಟ್ಟೆಗಳ ಬಗ್ಗೆ. ಕೆಲಸ ಬಲ್ಲವರ ವಿವರಕ್ಕೆ ಇರುವ ತೂಕ ಕಾಗದ ಬಲ್ಲವರ ಮಾತಿಗೆ ಇಲ್ಲ ಎಂಬುದನ್ನು ನಾನು ಅಂದು ಕಲಿತೆ. ಎರಡು ತಿಂಗಳ ಮೇಲೆ ಆ ಟೆಂಡರ್ ಮೀಸಲಾಗಿ ಹೊರಬಿತ್ತು.

ಸಮಯದ ಬಗ್ಗೆಯೂ ಹೇಳಬೇಕು. ಒಕ್ಕೂಟ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ಉಳಿದ ಹಣವನ್ನು ಖರ್ಚು ಮಾಡುವ ಧಾವಂತದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಟೆಂಡರ್‌ಗಳು ಗುಂಪಾಗಿ ಬರುತ್ತವೆ. ವರಮಹಾಲಕ್ಷ್ಮಿ, ಗಣೇಶನ ಹಬ್ಬದ ಕಾಲವೆಂದರೆ ನಮ್ಮ ಮನೆಗಳಲ್ಲಿ ಬಿಡ್‌ಗಳ ಕಾಲವೂ ಹೌದು. ಕಾಗದಗಳೆಲ್ಲ ಅಷ್ಟರೊಳಗೆ ಸಿದ್ಧವಿರಲಿ.

ಹಂತ 6: ಟೆಂಡರ್ ಓದಿ, ಬೆಲೆ ಕಟ್ಟಿ

ದೊಡ್ಡ ಟೆಂಡರ್‌ಗಳಲ್ಲಿ ಎಲ್ ಮತ್ತು ಎಂ ಎಂಬ ಎರಡು ವಿಭಾಗಗಳಿರುತ್ತವೆ. ಏನು, ಹೇಗೆ, ಎಷ್ಟು ಪುಟದಲ್ಲಿ ಕೊಡಬೇಕು ಎಂಬುದು ಎಲ್‌ನಲ್ಲಿ. ಯಾವುದಕ್ಕೆ ಎಷ್ಟು ತೂಕ ಎಂಬುದು ಎಂನಲ್ಲಿ. ಮೊದಲು ಇವೆರಡನ್ನೂ ಓದಿ, ಆಮೇಲೆ ಉಳಿದದ್ದು. ಸಣ್ಣ ಖರೀದಿಗಳಲ್ಲಿ ಇದೇ ವಿಷಯ ಬೇರೆ ಹೆಸರಿನಲ್ಲಿ, ಹುಡುಕಿದರೆ ಸಿಗುತ್ತದೆ. ಕೊಟ್ಟ ಗಡುವು ಮಧ್ಯಾಹ್ನ 2 ಗಂಟೆಯಾದರೆ 2 ಗಂಟೆ 1 ನಿಮಿಷಕ್ಕೆ ಬಾಗಿಲು ಮುಚ್ಚಿದಂತೆ. ಹಿಂದಿನ ದಿನವೇ ಕಳುಹಿಸಿ.

ಸೇವೆಯ ಗುತ್ತಿಗೆಯಲ್ಲಿ ಬೆಲೆ ಕಟ್ಟುವವರು ಮರೆಯುವ ಕಾಗದವೊಂದಿದೆ, ವೇತನ ನಿರ್ಧಾರ ಪಟ್ಟಿ. 2,500 ಡಾಲರ್ ಮೀರಿದ ಸೇವಾ ಗುತ್ತಿಗೆಗೆ ಆ ಕೌಂಟಿಯಲ್ಲಿ ಯಾವ ಕೆಲಸಕ್ಕೆ ಗಂಟೆಗೆ ಕನಿಷ್ಠ ಎಷ್ಟು ಕೂಲಿ, ಅದರ ಮೇಲೆ ಎಷ್ಟು ಸೌಲಭ್ಯ ಭತ್ಯೆ ಎಂಬುದನ್ನು ಕಾರ್ಮಿಕ ಇಲಾಖೆ ನಿಗದಿ ಮಾಡುತ್ತದೆ. ಖಾಸಗಿ ಕಟ್ಟಡಕ್ಕೆ ಕೊಡುವ ದರವನ್ನೇ ಇಲ್ಲಿ ಹಾಕಿದರೆ ಗೆದ್ದ ಮೇಲೆ ಪ್ರತಿ ಗಂಟೆಯೂ ಕೈಯಿಂದ ಹಣ ಹೋಗುತ್ತದೆ. ನಿರ್ಮಾಣ ಕೆಲಸಕ್ಕೂ ಇಂಥದ್ದೇ ಪಟ್ಟಿ ಇದೆ, ಅದು 2,000 ಡಾಲರ್‌ನಿಂದಲೇ ಅನ್ವಯ. ನಿರ್ಮಾಣದಲ್ಲಿ ಭದ್ರತಾ ಬಾಂಡ್ ಕೂಡ ಬೇಕಾಗುತ್ತದೆ. ಸಣ್ಣವರಿಗೆ ಬಾಂಡ್ ಸಿಗುವುದು ಕಷ್ಟವಾದಾಗ ಎಸ್‌ಬಿಎಯ ಖಾತರಿ ಯೋಜನೆಯನ್ನು ಕೇಳಿ.

ಹಂತ 7: ಕೆಲಸ ನಿಮ್ಮದೇ ಆಗಿರಬೇಕು

ಮೀಸಲು ಗುತ್ತಿಗೆ ಪಡೆದು ಪೂರ್ತಿ ಕೆಲಸವನ್ನು ದೊಡ್ಡವರಿಗೆ ಒಪ್ಪಿಸುವಂತಿಲ್ಲ. ಸೇವೆಯಲ್ಲಿ, ಸರ್ಕಾರ ಕೊಟ್ಟ ಹಣದ ಶೇ. 50ಕ್ಕಿಂತ ಹೆಚ್ಚು ನಿಮ್ಮಂಥದ್ದೇ ಪ್ರಮಾಣಪತ್ರವಿಲ್ಲದ ಉಪಗುತ್ತಿಗೆದಾರರಿಗೆ ಹೋಗಬಾರದು. ಸಾಮಾನ್ಯ ನಿರ್ಮಾಣದಲ್ಲಿ ಮಿತಿ ಶೇ. 85, ವಿದ್ಯುತ್, ಕೊಳಾಯಿಯಂಥ ವಿಶೇಷ ಕಸುಬುಗಳಲ್ಲಿ ಶೇ. 75. ಉದಾಹರಣೆಗೆ 2 ಲಕ್ಷ ಡಾಲರ್‌ನ ಶುಚಿ ಗುತ್ತಿಗೆಯಲ್ಲಿ ಸಾಮಾನ್ಯ ಉಪಗುತ್ತಿಗೆದಾರರಿಗೆ 1 ಲಕ್ಷದವರೆಗೆ ಕೊಡಬಹುದು. ಉಪಗುತ್ತಿಗೆದಾರರೂ ಗಾಯಗೊಂಡ ಮಾಜಿ ಸೈನಿಕರ ಪ್ರಮಾಣಿತ ಸಣ್ಣ ಕಂಪನಿಯಾದರೆ ಅವರೇ ಮಾಡಿದ ಕೆಲಸ ಈ ಮಿತಿಯೊಳಗೆ ಬರುವುದಿಲ್ಲ. ಇದನ್ನು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಿರಿ.

ಇನ್ನೊಂದು ಅಪಾಯವನ್ನು ನೇರವಾಗಿ ಹೇಳುತ್ತೇನೆ. ‘ನಿಮ್ಮ ಹೆಸರು ಕೊಡಿ, ಕೆಲಸ ನಾವು ನೋಡಿಕೊಳ್ಳುತ್ತೇವೆ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ಬರುವವರಿದ್ದಾರೆ. ಸ್ನೇಹಿತರ ವೇಷದಲ್ಲೂ ಬರುತ್ತಾರೆ, ನೆಂಟರ ವೇಷದಲ್ಲೂ ಬರುತ್ತಾರೆ. ಸಿಕ್ಕಿಬಿದ್ದರೆ ಗುತ್ತಿಗೆಯ ಪೂರ್ತಿ ಮೊತ್ತವನ್ನೇ ಸರ್ಕಾರದ ನಷ್ಟವೆಂದು ಕಾನೂನು ಭಾವಿಸುತ್ತದೆ. ದಂಡ, ಕಪ್ಪುಪಟ್ಟಿ, ಸೆರೆವಾಸ, ಎಲ್ಲವೂ ಇದೆ. ಶಿಕ್ಷೆಗಿಂತಲೂ ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಹೀಗೆ ಹೋದ ಪ್ರತಿ ಗುತ್ತಿಗೆ ನಿಜವಾಗಿ ಗಾಯಗೊಂಡ ಇನ್ನೊಬ್ಬರ ತಟ್ಟೆಯಿಂದ ತೆಗೆದದ್ದು.

ದೊಡ್ಡವರ ಜೊತೆ ಸೇರುವ ಪ್ರಾಮಾಣಿಕ ದಾರಿ ಇದೆ. ಎಸ್‌ಬಿಎಯ ಗುರು-ಶಿಷ್ಯ ಯೋಜನೆಯಲ್ಲಿ ದೊಡ್ಡ ಕಂಪನಿಯೊಂದಿಗೆ ಜಂಟಿ ಉದ್ಯಮ ಕಟ್ಟಬಹುದು, ಅದರಲ್ಲಿ ಜಂಟಿ ಉದ್ಯಮದ ಪಾಲಿನ ಕೆಲಸದಲ್ಲಿ ಕನಿಷ್ಠ ಶೇ. 40ನ್ನು ನಿಮ್ಮ ಕಂಪನಿಯೇ ಮಾಡಬೇಕು. ಇಲ್ಲವೇ ದೊಡ್ಡ ಗುತ್ತಿಗೆದಾರರ ಕೆಳಗೆ ಉಪಗುತ್ತಿಗೆಯಿಂದ ಆರಂಭಿಸಿ. ದೊಡ್ಡ ಮೊತ್ತದ ಗುತ್ತಿಗೆಯಲ್ಲಿ ಅವರು ಸಣ್ಣವರಿಗೆ ಎಷ್ಟು ಪಾಲು ಕೊಡುತ್ತಾರೆಂಬ ಯೋಜನೆ ಸಲ್ಲಿಸಬೇಕಾಗುತ್ತದೆ. ಆಗ ಅವರಿಗೂ ನೀವು ಬೇಕು.

ಊರಿನಿಂದ ಸರಕು ತರಿಸುವ ಆಲೋಚನೆ ಇದ್ದರೆ

ಪೀಣ್ಯದಲ್ಲಿ ಪರಿಚಯದವರ ಕಾರ್ಖಾನೆ ಇದೆ, ಅಲ್ಲಿಂದ ತರಿಸಿ ಇಲ್ಲಿನ ಸರ್ಕಾರಕ್ಕೆ ಮಾರಬಹುದಲ್ಲವೇ ಎಂದು ಕೇಳುವವರು ಆಗಾಗ ಸಿಗುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಆಗುವುದಿಲ್ಲ. ವಿಶ್ವ ವ್ಯಾಪಾರ ಸಂಘಟನೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಅಮೆರಿಕದ ವ್ಯಾಪಾರ ಒಪ್ಪಂದ ಕಾಯಿದೆ ಅನ್ವಯಿಸುವ ಗುತ್ತಿಗೆಗಳಿಗೆ, ಸರ್ಕಾರದ ಸಾಮಾನ್ಯ ಸೇವೆಗಳ ಸಂಸ್ಥೆಯಾದ ಜಿಎಸ್‌ಎಯ ದರಪಟ್ಟಿ ಗುತ್ತಿಗೆಗಳಿಗೂ ಸೇರಿದಂತೆ, ಭಾರತದಲ್ಲಿ ತಯಾರಾದ ಸರಕನ್ನು ಸಾಮಾನ್ಯವಾಗಿ ಕೊಡುವಂತಿಲ್ಲ. ಸಣ್ಣ ಖರೀದಿಗೆ ಅಮೆರಿಕದ ಸರಕಿಗೆ ಆದ್ಯತೆ ನೀಡುವ ಬೇರೆ ಕಾಯಿದೆ ಅಡ್ಡ ಬರುತ್ತದೆ. ಯಾವ ದೇಶದ ಸರಕು ಎಂಬುದನ್ನು ನೀವು ಸಹಿ ಹಾಕಿ ಹೇಳಬೇಕು, ಅಲ್ಲಿ ತಪ್ಪು ಹೇಳಿದರೆ ಅದೂ ವಂಚನೆಯೇ.

ರಾಜ್ಯಗಳಲ್ಲಿ ಲೆಕ್ಕ ಬೇರೆ

ಕ್ಯಾಲಿಫೋರ್ನಿಯಾದಲ್ಲಿ ಗಾಯಗೊಂಡ ಮಾಜಿ ಸೈನಿಕರ ಉದ್ಯಮಗಳಿಗೆ ಡಿವಿಬಿಇ ಎಂಬ ಯೋಜನೆ ಇದೆ, ರಾಜ್ಯದ ಗುತ್ತಿಗೆಗಳಲ್ಲಿ ಶೇ. 3 ಗುರಿ. ನ್ಯೂಯಾರ್ಕ್ 2014ರ ಕಾನೂನಿನಿಂದ ಶೇ. 6 ಗುರಿ ಇಟ್ಟುಕೊಂಡಿದೆ. ಎರಡೂ ಕಡೆ ಅಂಗವೈಕಲ್ಯ ಕನಿಷ್ಠ ಶೇ. 10 ಇರಬೇಕು, ಒಕ್ಕೂಟದ ಸೊನ್ನೆ ಇಲ್ಲಿ ನಡೆಯದು. ಅರ್ಜಿಯೂ ಬೇರೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮವರು ಒಕ್ಕೂಟದ ಅರ್ಜಿ, ರಾಜ್ಯದ ಅರ್ಜಿ ಎರಡನ್ನೂ ಒಟ್ಟಿಗೆ ಮಾಡಿಕೊಳ್ಳುವುದು ಒಳ್ಳೆಯದು.

ಫಲಿತಾಂಶ ಬಂದ ಮೇಲೆ

ಸೋತರೆ ಸುಮ್ಮನೆ ಕೂರಬೇಡಿ. ಸಂಧಾನದ ಮೂಲಕ ನಡೆದ ದೊಡ್ಡ ಗುತ್ತಿಗೆಯಾದರೆ ಸೂಚನೆ ಬಂದ ಮೂರು ದಿನದೊಳಗೆ ಲಿಖಿತವಾಗಿ ವಿವರಣೆ ಕೇಳುವ ಹಕ್ಕಿದೆ. ನಿಮ್ಮ ಪ್ರಸ್ತಾವದಲ್ಲಿ ಎಲ್ಲಿ ಬಲ, ಎಲ್ಲಿ ದೌರ್ಬಲ್ಯ ಎಂದು ಅವರೇ ಹೇಳುತ್ತಾರೆ. ಗೆಳೆಯರು ಮೊದಲ ಎರಡು ಬಿಡ್ ಸೋತರು. ಎರಡನೆಯದರಲ್ಲಿ ಸಿಕ್ಕ ವಿವರಣೆ, ರಜೆ ಹಾಕಿದವರ ಬದಲಿಗೆ ಯಾರು ಬರುತ್ತಾರೆಂದು ಬರೆದಿಲ್ಲ ಎಂಬುದು. ಮೂರನೆಯದರಲ್ಲಿ ಅದಕ್ಕೇ ಒಂದು ಪುಟ ಕೊಟ್ಟರು. ಗೆದ್ದ ಕಂಪನಿ ನಿಜವಾಗಿ ಅರ್ಹವಲ್ಲ ಎಂಬುದಕ್ಕೆ ಆಧಾರವಿದ್ದರೆ ಐದು ಕೆಲಸದ ದಿನಗಳೊಳಗೆ ಆಕ್ಷೇಪ ಸಲ್ಲಿಸಬೇಕು.

ಗೆದ್ದರೆ ಮೊದಲ ಚಿಂತೆ ಕೈಯಲ್ಲಿ ಓಡುವ ಹಣದ್ದು. ಕೂಲಿ ಎರಡು ವಾರಕ್ಕೊಮ್ಮೆ ಹೋಗುತ್ತದೆ. ಸರ್ಕಾರದ ಹಣ ಸರಿಯಾದ ಬಿಲ್ ತಲುಪಿದ 30 ದಿನದೊಳಗೆ ಬರಬೇಕು. ಸಣ್ಣ ಉದ್ಯಮಗಳಿಗೆ 15 ದಿನದಲ್ಲಿ ಕೊಡಲು ಯತ್ನಿಸುತ್ತಾರೆ. ತಡವಾದರೆ ನೀವು ಕೇಳದೆಯೇ ಬಡ್ಡಿ ಸೇರಿಸಿ ಕೊಡಬೇಕೆಂದು ಕಾನೂನಿದೆ. ಎರಡು ತಿಂಗಳ ಕೂಲಿಯಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದೆ ಕೆಲಸ ಆರಂಭಿಸಬೇಡಿ.

‘ಸರಿಯಾದ ಬಿಲ್’ ಎಂಬುದಕ್ಕೆ ಅರ್ಥವಿದೆ. ಗುತ್ತಿಗೆ ಸಂಖ್ಯೆ, ಬಿಲ್ಲಿನ ಸಂಖ್ಯೆ, ದಿನಾಂಕ, ಗುತ್ತಿಗೆಯಲ್ಲಿರುವ ಅದೇ ಬಾಬ್ತಿನ ಸಂಖ್ಯೆ, ಅಳತೆ, ದರ, ಹಣ ಕಳುಹಿಸಬೇಕಾದ ವಿವರ ಎಲ್ಲ ಇರಬೇಕು. ಬಿಲ್ ಸರಿಯಿಲ್ಲದಿದ್ದರೆ ಸಾಮಾನ್ಯವಾಗಿ 7 ದಿನದೊಳಗೆ ಕಾರಣ ಹೇಳಿ ಹಿಂದಿರುಗಿಸಬೇಕು. ಗೆಳೆಯರ ಮೊದಲ ಬಿಲ್ ಆರನೇ ದಿನ ಹಿಂದಕ್ಕೆ ಬಂತು, ಬಾಬ್ತಿನ ಸಂಖ್ಯೆ 0001 ಎಂದಿರಬೇಕಾದಲ್ಲಿ ಬರೀ 1 ಎಂದಿತ್ತು. ಮೂರು ಸೊನ್ನೆ ಸೇರಿಸಿ ಅದೇ ಸಂಜೆ ಮತ್ತೆ ಕಳುಹಿಸಿದೆವು. ಹದಿನಾಲ್ಕನೇ ದಿನ ಹಣ ಬಂತು.